ಷಟರ್ ಅರ್ಧ ಇಳಿಸಿದ ಮೇಲೆ: ಸಣ್ಣ ಅಂಗಡಿ ವರ್ಷಗಟ್ಟಲೆ ನಡೆಯಲು ದಿನಾ ಮಾಡಬೇಕಾದ ಕೆಲಸಗಳು

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಕಾಫಿಪುಡಿ ಅಂಗಡಿ. ಹತ್ತು ಅಡಿ ಅಗಲ. ಒಂದು ರೋಸ್ಟರ್, ಒಂದು ಗ್ರೈಂಡರ್, ಕೆಲಸಕ್ಕೆ ಒಬ್ಬ ಹುಡುಗ. ಜೊತೆಗೆ ಸ್ವಲ್ಪ ಮೆಣಸು, ಏಲಕ್ಕಿ, ಜೇನುತುಪ್ಪ. ಹದಿನೇಳು ವರ್ಷ ಆಯಿತು. ನಾನು ಶುರು ಮಾಡಿದ ಆಸುಪಾಸಲ್ಲೇ ಅದೇ ರಸ್ತೆಯಲ್ಲಿ ಇನ್ನೂ ನಾಲ್ಕು ಅಂಗಡಿ ತೆರೆದವು. ಈಗ ಒಂದೂ ಇಲ್ಲ. ಅವರ ಮಾಲು ಚೆನ್ನಾಗಿಯೇ ಇತ್ತು. ಇಬ್ಬರಿಗಂತೂ ನನಗಿಂತ ಜಾಸ್ತಿ ವ್ಯಾಪಾರ ಇತ್ತು. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ಸೋರಿ ಮುಗಿದಿತ್ತು.

ಮೂರನೇ ವರ್ಷ ನನ್ನದೂ ಅದೇ ಕಥೆ ಆಗುವುದರಲ್ಲಿತ್ತು. ಬೀಜ ಕೊಡುವವರಿಗೆ ಬಾಕಿ, ಎರಡು ತಿಂಗಳ ಬಾಡಿಗೆ ಬಾಕಿ. ಅಂಗಡಿ ಮುಂದೆ ನೋಡಿದರೆ ಜನವೋ ಜನ! ಆಗ ಪಕ್ಕದ ಬಟ್ಟೆ ಅಂಗಡಿಯ ಹಿರಿಯರೊಬ್ಬರು ಕೇಳಿದರು, "ದಿನಾ ರಾತ್ರಿ ಗಲ್ಲಾ ಎಣಿಸ್ತೀಯೇನಪ್ಪಾ?" ಇಲ್ಲ ಅಂದೆ. "ಹಂಗಾದ್ರೆ ನೀನು ವ್ಯಾಪಾರ ಮಾಡ್ತಿಲ್ಲ, ಅಂಗಡಿ ಕಾಯ್ತಿದೀಯ" ಅಂದರು. ಸಿಟ್ಟು ಬಂತು. ಆದರೆ ಅವತ್ತು ರಾತ್ರಿಯೇ ಎಣಿಸಿದೆ.

ಕಿರಾಣಿ, ಬೇಕರಿ, ಟೈಲರಿಂಗ್, ಮೊಬೈಲ್ ರಿಪೇರಿ, ಯಾವುದೇ ಇರಲಿ, ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಹಿಡಿಯಿರಿ. ಒಂದು ರೂಢಿಯಾಗುವ ಮುಂಚೆ ಇನ್ನೊಂದಕ್ಕೆ ಹೋಗಬೇಡಿ.

1. ಇವತ್ತು ರಾತ್ರಿಯೇ ಗಲ್ಲಾ ಎಣಿಸಿ

200 ಪುಟದ ಉದ್ದ ನೋಟ್‌ಬುಕ್ ಒಂದು ತನ್ನಿ. ದಿನಕ್ಕೊಂದು ಪುಟ. ಮೊಬೈಲ್ ಆ್ಯಪ್ ಬೇಡ ಅಂತಲ್ಲ, ಆದರೆ ಮೊದಲ ಆರು ತಿಂಗಳು ಕೈಯಲ್ಲೇ ಬರೆಯಿರಿ. ಬರೆದ ಅಂಕಿ ತಲೆಯಲ್ಲಿ ಕೂರುತ್ತದೆ.

ಬಿಲ್ ಮೆಷಿನ್ ಇಲ್ಲದಿದ್ದರೆ ಹಗಲು ಒಂದು ರಫ್ ಹಾಳೆ ಗಲ್ಲಾ ಪಕ್ಕ ಇರಲಿ. ಪ್ರತಿ ಮಾರಾಟದ ಮೊತ್ತ ಮಾತ್ರ ಗೀಚಿ. ಕ್ಯಾಶ್ ಎಡಗಡೆ, ಫೋನ್‌ಪೇ ಗೂಗಲ್‌ಪೇ ಬಲಗಡೆ, ಸಾಲ ಕೆಳಗೆ. ಗಲ್ಲಾದಿಂದ ಹೊರಗೆ ಹೋದ ಒಂದೊಂದು ರೂಪಾಯಿಯೂ ಅದರಲ್ಲೇ.

ರಾತ್ರಿ ಷಟರ್ ಅರ್ಧ ಇಳಿಸಿ ಕೂತಾಗ ಲೆಕ್ಕ ಹೀಗಿರುತ್ತದೆ. ಬೆಳಿಗ್ಗೆ ಚಿಲ್ಲರೆಗೆ ಅಂತ ಇಟ್ಟದ್ದು 1,500. ಕ್ಯಾಶ್ ಮಾರಾಟ 6,840. ಹಳೇ ಬಾಕಿ ಬಂದದ್ದು 700. ಕೂಡಿದರೆ 9,040. ಇದರಲ್ಲಿ ಮೂಟೆ ಇಳಿಸಿದ್ದಕ್ಕೆ 120, ಕವರ್ ತಂದದ್ದಕ್ಕೆ 350, ಮನೆಗೆ ತಗೊಂಡದ್ದು 500, ಒಟ್ಟು 970 ಹೋಯಿತು. ಗಲ್ಲಾದಲ್ಲಿ 8,070 ಇರಬೇಕು. ಎಣಿಸಿದರೆ 7,970 ಇದೆ.

ಈಗ ಏನು ಮಾಡುತ್ತೀರಿ? ಹೆಚ್ಚಿನವರು ಜೇಬಿನಿಂದ ನೂರು ಹಾಕಿ ಸರಿ ಮಾಡುತ್ತಾರೆ, ಇಲ್ಲ ಯಾವುದೋ ಖರ್ಚಿನ ಹೆಸರು ಬರೆಯುತ್ತಾರೆ. ಎರಡೂ ಬೇಡ. "ಕಡಿಮೆ 100" ಅಂತ ಬರೆದು ಮಲಗಿ. ಜಾಸ್ತಿ ಬಂದರೂ ಹಾಗೇ, "ಜಾಸ್ತಿ 60". ಒಂದು ತಿಂಗಳು ಆದ ಮೇಲೆ ಆ ಪುಟಗಳನ್ನು ತಿರುವಿ ನೋಡಿ.

ನನ್ನ ಪುಸ್ತಕದಲ್ಲಿ ಕಡಿಮೆ ಬೀಳುತ್ತಿದ್ದುದು ಬರೀ ಶನಿವಾರ, ಭಾನುವಾರ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬಂದವರು ವಾಪಸ್ ಹೋಗುವಾಗ ಒಟ್ಟಿಗೇ ನುಗ್ಗುವ ದಿನಗಳು. ಹುಡುಗನ ಮೇಲೆ ಅನುಮಾನ ಬಂತು. ನಿಜ ಹೇಳಬೇಕೆಂದರೆ ಎರಡು ವಾರ ಅವನ ಮುಖವನ್ನೇ ದುರುಗುಟ್ಟಿ ನೋಡಿದೆ. ಕೊನೆಗೆ ನೋಡಿದರೆ ಟೀ! ರಶ್ ದಿನ ಮೂರು ಸಲ ಟೀ ತರಿಸುತ್ತಿದ್ದವನು ನಾನೇ. ಗಲ್ಲಾದಿಂದ ಐವತ್ತು ಎತ್ತಿ ಕೊಡುವುದು, ಬರೆಯುವಷ್ಟರಲ್ಲಿ ಇನ್ನೊಬ್ಬ ಗಿರಾಕಿ. ಅವತ್ತಿನಿಂದ ಟೀ ದುಡ್ಡಿಗೆ ಬೇರೆ ಡಬ್ಬಿ ಇಟ್ಟೆವು.

2. ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ

ಮೂರನೇ ವರ್ಷ ನಾನು ಮುಳುಗುತ್ತಿದ್ದುದಕ್ಕೆ ಎರಡು ಕಾರಣ. ಒಂದು ತಂಗಿ ಮದುವೆ. "ಆಮೇಲೆ ಹಾಕಿದರಾಯಿತು" ಅಂತ ಗಲ್ಲಾದಿಂದ ತೆಗೆದೆ. ಎಷ್ಟು ತೆಗೆದೆ ಅಂತ ಇವತ್ತಿಗೂ ಗೊತ್ತಿಲ್ಲ.

ತಿಂಗಳಿಗೆ ಮನೆಗೆ ಎಷ್ಟು ಬೇಕು ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಅಂಗಡಿಗೆ ಅದನ್ನು ಕೊಡುವ ತಾಕತ್ತಿದೆಯಾ ನೋಡಿ. ಒಂದನೇ ತಾರೀಖು ಅಷ್ಟನ್ನು ತಗೊಳ್ಳಿ. ಮಧ್ಯೆ ತುರ್ತು ಬಂದರೆ "ಮುಂಗಡ" ಅಂತ ಬರೆದು, ಮುಂದಿನ ತಿಂಗಳು ಮುರಿದುಕೊಳ್ಳಿ. ಹುಡುಗ ಮುಂಗಡ ಕೇಳಿದರೆ ಹಾಗೇ ತಾನೇ ಮಾಡೋದು?

ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ. ಕ್ಯೂಆರ್ ಆ ಖಾತೆಗೇ ಇರಲಿ. ಭಾವಮೈದ ವಾಪಸ್ ಕೊಟ್ಟ ಸಾಲ, ಚೀಟಿ ದುಡ್ಡು, ಮಗಳ ಫೀಸಿಗೆ ಅಣ್ಣ ಹಾಕಿದ್ದು ಯಾವುದೂ ಅದಕ್ಕೆ ಬರಬಾರದು. ಇದರ ಬೆಲೆ 2025ರ ಜುಲೈನಲ್ಲಿ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಖಾತೆಗೆ ಬಂದದ್ದರಲ್ಲಿ ಯಾವುದು ವ್ಯಾಪಾರ, ಯಾವುದು ಮನೆಯದು ಅಂತ ಬಿಡಿಸಿ ತೋರಿಸುವ ಕೆಲಸ ನಮ್ಮ ತಲೆ ಮೇಲೇ ಬೀಳುತ್ತದೆ. ದಿನದ ಪುಸ್ತಕ ಇದ್ದವನಿಗೆ ಅದು ಒಂದು ಮಧ್ಯಾಹ್ನದ ಕೆಲಸ.

3. ಹನ್ನೊಂದು ಸಾವಿರದ ಗೆರೆ

ಬರೀ ಮಾಲು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಹೋಟೆಲ್, ರಿಪೇರಿಯಂಥ ಸೇವೆಗೆ 20 ಲಕ್ಷ. ವರ್ಷದ ಕೊನೆಗೆ ನೋಡೋಣ ಅಂತ ಕೂತರೆ ಅಷ್ಟರಲ್ಲಿ ದಾಟಿರುತ್ತೀರಿ. ಅದಕ್ಕೇ ದಿನದ ಲೆಕ್ಕಕ್ಕೆ ಇಳಿಸಿಕೊಳ್ಳಿ. 40 ಲಕ್ಷವನ್ನು 365ರಿಂದ ಭಾಗಿಸಿದರೆ ಸುಮಾರು 10,960. ಕ್ಯಾಶು, ಯುಪಿಐ, ಸಾಲ ಎಲ್ಲ ಸೇರಿ ದಿನದ ವ್ಯಾಪಾರ ಸರಾಸರಿ ಹನ್ನೊಂದು ಸಾವಿರದ ಹತ್ತಿರ ಬಂತು ಅಂದರೆ ಲೆಕ್ಕ ನೋಡುವವರ ಹತ್ತಿರ ಹೋಗಿ ಬನ್ನಿ. ಹೋಟೆಲಿನವರಿಗೆ ಗೆರೆ ಐದೂವರೆ ಸಾವಿರದ ಹತ್ತಿರ.

ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಬಿಸ್ಕತ್ತೂ ಮಾರಿ ಹಾಲೂ ಮಾರಿದರೆ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ. ತುಂಬಾ ಜನ ಎಡವುವುದು ಇಲ್ಲೇ.

ನಮ್ಮೂರಿನವರಿಗೆ ಇನ್ನೊಂದು ಗುಂಡಿ ಇದೆ. ಚೆನ್ನೈನಿಂದ ಬಂದವರು ಅರ್ಧ ಕೆಜಿ ಪುಡಿ ಒಯ್ಯುತ್ತಾರೆ, ಇಷ್ಟ ಆಗುತ್ತದೆ, ಮುಂದಿನ ತಿಂಗಳು ಫೋನ್ ಮಾಡಿ ಎರಡು ಕೆಜಿ ಕೊರಿಯರ್ ಮಾಡಿ ಅಂತಾರೆ. ಖುಷಿಯಿಂದ ಕಳಿಸುತ್ತೇವೆ. ತೆರಿಗೆ ಇರುವ ಇಂಥ ಮಾಲನ್ನು ಬೇರೆ ರಾಜ್ಯಕ್ಕೆ ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಕಾಂಪೊಸಿಷನ್‌ನಲ್ಲಿ ಇರುವವರು ಹಾಗೆ ಮಾರುವಂತೆಯೇ ಇಲ್ಲ. ಕಾಂಪೊಸಿಷನ್ ಅಂದರೆ ವರ್ಷಕ್ಕೆ ಒಂದೂವರೆ ಕೋಟಿ ತನಕ ವಹಿವಾಟು ಇರುವ ವ್ಯಾಪಾರಿ ಶೇ 1 ಕಟ್ಟಿ ಮುಗಿಸುವ ದಾರಿ. ಊರೊಳಗಿನ ಅಂಗಡಿಗೆ ಒಳ್ಳೆಯದು. ನಾನು ಕೊರಿಯರ್ ಗಿರಾಕಿಗಳಿಗಾಗಿ ರೆಗ್ಯುಲರ್ ನೋಂದಣಿಯನ್ನೇ ಮಾಡಿಸಿದೆ.

4. ಅಸಲು ಎಷ್ಟು ಬಿತ್ತು ಅಂತ ನಿಜವಾಗಿ ಲೆಕ್ಕ ಹಾಕಿ

ಮುಳುಗುತ್ತಿದ್ದುದಕ್ಕೆ ಎರಡನೇ ಕಾರಣ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರು ಹೆಚ್ಚು ಕಳಕೊಳ್ಳುವುದು ಇಲ್ಲಿ.

ಹಸಿ ಕಾಫಿ ಬೀಜ ಹುರಿದರೆ ತೂಕ ಇಳಿಯುತ್ತದೆ. ನೀರು ಆರಿ, ಸಿಪ್ಪೆ ಹಾರಿ, ಹುರಿದ ಹದ ನೋಡಿಕೊಂಡು ಶೇ 15ರಿಂದ 20ರಷ್ಟು ಹೋಗುತ್ತದೆ. ಸುಲಭಕ್ಕೆ ಹಸಿ ಬೀಜ ಕೆಜಿಗೆ 500 ಅಂದುಕೊಳ್ಳೋಣ. ಹತ್ತು ಕೆಜಿಗೆ 5,000. ಹುರಿದ ಮೇಲೆ ಕೈಗೆ ಬಂದದ್ದು 8 ಕೆಜಿ 300 ಗ್ರಾಂ. ಅಂದರೆ ಹುರಿದ ಬೀಜ ಕೆಜಿಗೆ 602 ಬಿತ್ತು.

80:20 ಪುಡಿಗೆ 800 ಗ್ರಾಂ ಕಾಫಿ, 482 ರೂಪಾಯಿ. 200 ಗ್ರಾಂ ಚಿಕೋರಿ, ಕೆಜಿಗೆ 200ರಂತೆ 40. ಗ್ಯಾಸ್, ಕರೆಂಟ್, ಕವರ್ 18. ಅಲ್ಲಿಗೆ 540. ಇನ್ನೂ ಮುಗಿದಿಲ್ಲ. ಬಾಡಿಗೆ 9,000, ಹುಡುಗನ ಸಂಬಳ 14,000, ಚಿಲ್ಲರೆ ಖರ್ಚು 3,000, ನನ್ನ ಸಂಬಳ 20,000. ಒಟ್ಟು 46,000. ತಿಂಗಳಿಗೆ 400 ಕೆಜಿ ಮಾರಿದರೆ ಕೆಜಿ ಮೇಲೆ 115 ಕೂರುತ್ತದೆ. ಅಸಲು 655. ಇದರ ಮೇಲೆ ಲಾಭ, ಆಮೇಲೆ ಕಾಫಿಪುಡಿಯ ಶೇ 5 ಜಿಎಸ್‌ಟಿ.

ನಾನು ಏನು ಮಾಡಿದ್ದೆ ಗೊತ್ತಾ? ತೂಕ ಇಳಿಯುವುದನ್ನು ಬಿಟ್ಟೇಬಿಟ್ಟಿದ್ದೆ. ಬಾಡಿಗೆ, ಹುಡುಗನ ಸಂಬಳ ಅಸಲಿಗೆ ಸೇರಿಸಿರಲಿಲ್ಲ. ನನ್ನ ಸಂಬಳ ಅನ್ನುವುದೇ ಇರಲಿಲ್ಲ. ಇದೇ ಅಂಕಿಯಲ್ಲಿ ಹೇಳುವುದಾದರೆ 458 ಅಸಲು ಅಂದುಕೊಂಡು 560ಕ್ಕೆ ಮಾರಿ, ನೂರು ರೂಪಾಯಿ ಲಾಭ ಅಂತ ಬೀಗುವುದು. ಜನ ಮುಗಿಬೀಳದೆ ಇನ್ನೇನು! ನಿಜವಾಗಿ ಕೆಜಿಗೆ ಉಳಿಯುತ್ತಿದ್ದುದು ಇಪ್ಪತ್ತೇ ರೂಪಾಯಿ, ಅದರಲ್ಲಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ.

ನಿಮ್ಮ ವ್ಯಾಪಾರದಲ್ಲೂ ಇಂಥ ತೂಕ ಇಳಿಯುವ ಜಾಗ ಇದ್ದೇ ಇರುತ್ತದೆ. ತರಕಾರಿಯವರಿಗೆ ಕೊಳೆತದ್ದು, ಬೇಕರಿಯವರಿಗೆ ಸಂಜೆ ಉಳಿದ ಬನ್ನು, ಟೈಲರಿಗೆ ಮತ್ತೆ ಬಿಚ್ಚಿ ಹೊಲಿದ ಬ್ಲೌಸು. ದಿನಾ ಅದನ್ನು ಬರೆಯಿರಿ. ನಾನು ಪ್ರತಿ ಹುರಿತಕ್ಕೂ ಎರಡು ತೂಕ ಬರೆಯುತ್ತೇನೆ: ಹಾಕಿದ್ದು, ಬಂದದ್ದು.

ಮಾಲಿನ ಬೆಲೆ ಬದಲಾದ ದಿನವೇ ಲೆಕ್ಕ ಮತ್ತೆ ಹಾಕಿ. 2024-25ರಲ್ಲಿ ಬ್ರೆಜಿಲ್, ವಿಯೆಟ್ನಾಂ ಕಡೆ ಬರ ಬಿದ್ದು ಕಾಫಿ ಬೀಜದ ಬೆಲೆ ಏರಿದಾಗ, ಗಿರಾಕಿ ಓಡಿಹೋಗ್ತಾರೆ ಅಂತ ಹಳೇ ರೇಟಿಗೇ ತಿಂಗಳುಗಟ್ಟಲೆ ಮಾರಿದವರನ್ನು ಕಂಡಿದ್ದೇನೆ. ಕೊನೆಗೆ ಒಂದೇ ಸಲ ನೂರೈವತ್ತು ಏರಿಸಿದರು. ಆಗ ಗಿರಾಕಿ ನಿಜವಾಗಿ ಓಡಿಹೋದರು. ಇಪ್ಪತ್ತಿಪ್ಪತ್ತು ಏರಿಸಿ, ಬೋರ್ಡಿನಲ್ಲಿ ಬರೆದು ಹಾಕಿ. ಕಡಿಮೆ ರೇಟಿನ ಪುಡಿ ಬೇಕು ಅಂದವರಿಗೆ ಚಿಕೋರಿ ಜಾಸ್ತಿ ಹಾಕಿ ಕೊಡಬಹುದು, ಆದರೆ ಹೇಳಿಯೇ ಕೊಡಬೇಕು. ಕಾಫಿ ಶೇ 51ಕ್ಕಿಂತ ಕಡಿಮೆ ಆಗುವಂತಿಲ್ಲ, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಇರಬೇಕು.

5. ಬೆಳಿಗ್ಗೆ ತಕ್ಕಡಿ

ಎರಡು ನಿಮಿಷದ ಕೆಲಸ. ದೀಪ ಹಚ್ಚಿ ಕೈ ಮುಗಿದ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ 500 ಗ್ರಾಂ ಬಟ್ಟು ಇಟ್ಟು ನೋಡಿ. ಐದು ಗ್ರಾಂ ಹೆಚ್ಚು ಹೋಗುತ್ತಿದ್ದರೆ ನಿಮಗೆ ನಷ್ಟ, ಕಡಿಮೆ ಹೋಗುತ್ತಿದ್ದರೆ ಹೆಸರು ಹೋಯಿತು. ಕಾನೂನು ಮಾಪನ ಇಲಾಖೆಯ ಮುದ್ರೆಯನ್ನು ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಹಾಕಿಸಬೇಕು. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿ.

6. ಸಾಲ ಕೊಡಿ, ಆದರೆ ಅವರ ಮುಂದೆಯೇ ಬರೆಯಿರಿ

"ಇಂದು ನಗದು ನಾಳೆ ಉದ್ರಿ" ಬೋರ್ಡ್ ಹಾಕಿದ ಅಂಗಡಿಗಳಲ್ಲೂ ಸಾಲ ಇರುತ್ತದೆ, ಸುಮ್ನೆ ನಾಟಕ ಯಾಕೆ? ನಮ್ಮ ಕಡೆ ತೋಟದ ಕೆಲಸದವರಿಗೆ ಬಟವಾಡೆ ಆದ ಮೇಲೆಯೇ ಕೈಯಲ್ಲಿ ಕಾಸು. ಸಾಲ ಇಲ್ಲ ಅಂದರೆ ಅವರು ಬರುವುದೇ ಇಲ್ಲ.

ನನ್ನ ಕ್ರಮ ಇಷ್ಟು. ಒಬ್ಬೊಬ್ಬರಿಗೂ ಒಂದು ಮಿತಿ ಇದೆ. ಮನೆಗಾದರೆ ಒಂದು ತಿಂಗಳ ಖರೀದಿ. ಬರೆಯುವಾಗ ಗಟ್ಟಿಯಾಗಿ ಓದಿಯೇ ಬರೆಯುತ್ತೇನೆ: "ಅಕ್ಕಾ, ಹಳೇದು 340, ಇವತ್ತು 180, ಒಟ್ಟು 520." ಅಲ್ಲೇ ತಲೆಯಾಡಿಸಿದರೆ ಮುಂದೆ ಜಗಳ ಇಲ್ಲ. ಕೇಳುವುದು ಬಟವಾಡೆಯ ಮಾರನೇ ದಿನ, ಒಂದೇ ಸಲ, ನಗುತ್ತಲೇ. ಹದಿನೇಳು ವರ್ಷದಲ್ಲಿ ತೋಟದ ಕೆಲಸದವರಿಂದ ನನಗೆ ಮುಳುಗಿದ್ದು ತೀರಾ ಕಡಿಮೆ.

ಮುಳುಗಿದ್ದೆಲ್ಲ ಹೋಮ್‌ಸ್ಟೇಯವರ ಕಡೆಯಿಂದ. ಒಬ್ಬರು ಎಂಟು ತಿಂಗಳು ತಗೊಂಡು, ಬಿಲ್ ಕಳಿಸಿದಾಗಲೆಲ್ಲ "ಮ್ಯಾನೇಜರ್ ನೋಡ್ತಾರೆ" ಅಂದರು. ಕೊನೆಗೆ ಹೋಮ್‌ಸ್ಟೇಯನ್ನೇ ಬೇರೆಯವರಿಗೆ ಲೀಸ್ ಕೊಟ್ಟು ಹೋದರು. ತಪ್ಪು ನನ್ನದೂ ಇದೆ. ಎರಡನೇ ತಿಂಗಳೇ ನಿಲ್ಲಿಸಬೇಕಿತ್ತು, ದೊಡ್ಡ ಗಿರಾಕಿ ಅನ್ನುವ ಆಸೆ ಬಿಡಲಿಲ್ಲ. ಈಗ ಯಾರೇ ಇರಲಿ, ಹೋದ ತಿಂಗಳ ಬಿಲ್ ಬರದೆ ಈ ತಿಂಗಳ ಮಾಲು ಆಟೋ ಹತ್ತುವುದಿಲ್ಲ. ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಇರುವ ಸಣ್ಣ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುವ ಕಾನೂನು ಇದೆ, ನೋಂದಣಿಯೂ ಪುಕ್ಕಟೆ, ಮಾಡಿಸಿಡಿ. ಆದರೆ ನಾಲ್ಕು ಸಾವಿರದ ಬಿಲ್ಲಿಗೆ ಯಾರು ಅಲೆಯುತ್ತಾರೆ? ಆಟೋ ನಿಲ್ಲಿಸುವುದೇ ಸುಲಭ.

7. ಹಳೇದು ಮುಂದೆ, ಹೊಸದು ಹಿಂದೆ

ಸೋಮವಾರ ಬೆಳಿಗ್ಗೆ ಮಾಲು ಎಣಿಸಿ. ಎಲ್ಲವನ್ನೂ ಬೇಡ, ವಾರಕ್ಕೊಂದು ಕಪಾಟು. ಡಬ್ಬಿ ಮೇಲೆ ಹುರಿದ ತಾರೀಖು ಅಂಟಿಸಿ. ಪುಡಿ ಮಾಡಿದ ಮೇಲೆ ಘಮ ಬೇಗ ಹೋಗುತ್ತದೆ, ಅದಕ್ಕೆ ಕೇಳಿದಷ್ಟೇ ಪುಡಿ ಮಾಡುವುದು. ಮಳೆಗಾಲದಲ್ಲಿ ಮೂಟೆ ನೆಲಕ್ಕೂ ತಾಗಬಾರದು, ಗೋಡೆಗೂ ತಾಗಬಾರದು. ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ದೂರ ಇಡಿ.

8. ಗಿರಾಕಿಯ ಹೆಸರಲ್ಲಿ ಒಂದು ಸಾಲು

ನನ್ನ ಹತ್ತಿರ ಒಂದು ಸಣ್ಣ ಪುಸ್ತಕ ಇದೆ, ಕಾಫಿಯ ಕಲೆ ಬಿದ್ದು ಕಂದು ಆಗಿದೆ. ಅದರಲ್ಲಿ ಮನೆಗೊಂದು ಸಾಲು. "ಟೀಚರ್ ಮನೆ, ಪೀಬೆರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಇಲ್ಲ, ನೈಸ್." (ಪೀಬೆರಿ, ಪ್ಲಾಂಟೇಶನ್ ಎ ಅಂದರೆ ಬೀಜದ ದರ್ಜೆಗಳು.) "ಪೋಸ್ಟ್ ಆಫೀಸ್ ಸಾರ್, 70:30, ಸ್ವಲ್ಪ ದಪ್ಪ." ಹೊಸ ಗಿರಾಕಿ ಎರಡನೇ ಸಲ ಬಂದರೆ ಬರೆದುಕೊಳ್ಳುತ್ತೇನೆ. ಮೂರನೇ ಸಲ ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳುತ್ತೇನೆ.

ದೂರು ಬಂದರೂ ಅದೇ ಸಾಲಿನಲ್ಲಿ. ಒಮ್ಮೆ ಟೀಚರ್ ಬಂದು, "ಏನ್ರೀ, ಈ ಸಲ ಪುಡಿ ಕಹಿ ಆಗಿದೆಯಲ್ಲ" ಅಂದರು. "ಹೌದಾ ಮೇಡಂ? ಯಾವ ದಿನ ತಗೊಂಡ್ರಿ?" ಗುರುವಾರ ಅಂದರು. ಹುರಿದ ಪುಸ್ತಕ ತೆಗೆದೆ. ಬುಧವಾರದ ಹುರಿತದಲ್ಲಿ ಹತ್ತು ಕೆಜಿಗೆ ಏಳೂಮುಕ್ಕಾಲು ಕೆಜಿಯೇ ಬಂದಿತ್ತು. ಸೀದಿತ್ತು. ಉಳಿದದ್ದನ್ನು ತಗೊಂಡು ಬೇರೆ ಕೊಟ್ಟೆ, ಅವತ್ತು ಒಯ್ದ ಇನ್ನು ಮೂರು ಮನೆಗೆ ನಾನೇ ಫೋನ್ ಮಾಡಿದೆ. ಅದರಲ್ಲಿ ಒಬ್ಬರಿಗೆ ಆ ಕಹಿಯೇ ಇಷ್ಟ ಆಗಿಬಿಟ್ಟಿತ್ತು!

9. ಮಳೆಗಾಲಕ್ಕೆ ದಿನಾ ಮುನ್ನೂರು

ಚಿಕ್ಕಮಗಳೂರಿನಲ್ಲಿ ವ್ಯಾಪಾರಕ್ಕೆ ಏರಿಳಿತ ಇದೆ. ನವೆಂಬರ್‌ನಿಂದ ಕೊಯ್ಲು, ಊರಲ್ಲಿ ದುಡ್ಡು ಓಡಾಡುತ್ತದೆ. ಬೇಸಿಗೆ ರಜೆಗೆ ಪ್ರವಾಸಿಗರು. ಜೂನ್ ದಾಟಿ ಮಳೆ ಹಿಡಿಯಿತೆಂದರೆ ವಾರದ ಮಧ್ಯೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಬಾಡಿಗೆ, ಸಂಬಳ ಮಾತ್ರ ನಿಲ್ಲುವುದಿಲ್ಲ.

ಮೂರು ತಿಂಗಳ ಬಾಡಿಗೆ, ಹುಡುಗನ ಸಂಬಳ, ಚಿಲ್ಲರೆ ಖರ್ಚು ಸೇರಿದರೆ ನನ್ನ ಲೆಕ್ಕದಲ್ಲಿ 78,000. ದಿನಕ್ಕೆ 300ರಂತೆ ತಿಂಗಳಿಗೆ 26 ದಿನ ಪಿಗ್ಮಿ ಕಟ್ಟಿದರೆ ಹತ್ತು ತಿಂಗಳಲ್ಲಿ ಅಷ್ಟೇ ಆಗುತ್ತದೆ. ಪಿಗ್ಮಿ ನಮ್ಮವರದ್ದೇ ಉಪಾಯ, 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಬಡ್ಡಿ ದೊಡ್ಡದೇನಲ್ಲ. ಆದರೆ ಸಂಜೆ ಒಬ್ಬ ಬಂದು ಎದುರಿಗೆ ನಿಂತರೆ ಇಲ್ಲ ಅನ್ನಲು ನಾಚಿಕೆ ಆಗುತ್ತದೆ ನೋಡಿ, ಅದೇ ಅದರ ಗುಟ್ಟು. ಕಟ್ಟಿದ ತಕ್ಷಣ ರಸೀದಿ ಇಲ್ಲವೇ ಮೆಸೇಜ್ ಬಂತಾ ನೋಡಿಕೊಳ್ಳಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕ್ ಆದರೂ, 5 ಲಕ್ಷದ ತನಕ ಠೇವಣಿಗೆ ವಿಮೆ ಇರುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಒಂದು ಪೈಸೆ ಬಡ್ಡಿ ಜಾಸ್ತಿ ಅಂತ ಎಲ್ಲವನ್ನೂ ಒಂದೇ ಕಡೆ ಹಾಕಬೇಡಿ.

10. ಎರಡು ದಿನ ಅಂಗಡಿಗೆ ಹೋಗಬೇಡಿ

ಇದನ್ನು ನಾನು ತುಂಬಾ ತಡವಾಗಿ ಕಲಿತೆ. ನನಗೆ ಜ್ವರ ಬಂದರೆ ಅಂಗಡಿಗೂ ಜ್ವರ. ಹುರಿಯುವ ಹದ, ಯಾರಿಗೆ ಎಷ್ಟು ಸಾಲ, ಬೀಜದವರ ನಂಬರ್ ಎಲ್ಲ ನನ್ನ ತಲೆಯಲ್ಲೇ. ಹಾಗಾಗಿ ಒಂದೊಂದನ್ನೇ ಹುಡುಗನಿಗೆ ಬಿಟ್ಟುಕೊಟ್ಟೆ. ಮೊದಲು ತಕ್ಕಡಿ, ಆಮೇಲೆ ರಫ್ ಹಾಳೆ, ಆಮೇಲೆ ಹುರಿತದ ಎರಡು ತೂಕ, ಕೊನೆಗೆ ಗಲ್ಲಾ. ಪ್ರತಿಯೊಂದಕ್ಕೂ ಒಂದು ತಿಂಗಳು ಪಕ್ಕದಲ್ಲಿ ನಿಂತು ನೋಡಿದೆ. ಕೈ ಹಾಕಬೇಕು ಅನ್ನಿಸಿದಾಗಲೆಲ್ಲ ಜೇಬಲ್ಲಿ ಇಟ್ಟುಕೊಂಡೆ.

ಹೋದ ವರ್ಷ ಮನೆಯವರನ್ನು ಕರಕೊಂಡು ಎರಡು ದಿನ ಹೊರನಾಡಿಗೆ ಹೋಗಿ ಬಂದೆ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಗಂಟೆಗೊಂದು ಫೋನ್ ಮಾಡುತ್ತಿದ್ದೆ. ವಾಪಸ್ ಬಂದು ಚಪ್ಪಲಿ ಬಿಡುವ ಮುಂಚೆ ಪುಸ್ತಕ ತೆಗೆದೆ. ಶನಿವಾರದ ಪುಟ ಸರಿ ಇತ್ತು. ಭಾನುವಾರದ ಪುಟದ ಕೆಳಗೆ ಹುಡುಗ ಸೊಟ್ಟ ಅಕ್ಷರದಲ್ಲಿ ಬರೆದಿದ್ದ: "ಕಡಿಮೆ 40. ಟೀ ಡಬ್ಬಿ ಖಾಲಿ ಆಗಿತ್ತು ಅಣ್ಣ."